ಕಡಲಿನಲ್ಲಿದ್ದ ಹಣ

ಮೊನ್ನೆ ಕಾರ್ಕಳದಿಂದ ಬರುವಾಗ ಬಸ್ಸಿನ ಕಂಡಕ್ಟರ್ ಕೊಟ್ಟ ಇಪ್ಪತ್ತರ ನೋಟಿಗೆ ಮೀನಿನ ವಾಸನೆಯಿತ್ತು. ಪಕ್ಕದವರು ಮೂಗು ಮುರಿದರು. ನಾನು ಅದನ್ನು ಮಡಚಿ ಅಂಗೈಯಲ್ಲೇ ಇಟ್ಟುಕೊಂಡೆ. ಕಾಪುವಿನ ನಮ್ಮ ಮನೆಗೆ ಬುಟ್ಟಿ ಹೊತ್ತು ಬರುತ್ತಿದ್ದ ಮೀನಿನಮ್ಮ ಸೊಂಟದ ಚೀಲದಿಂದ ತೆಗೆಯುತ್ತಿದ್ದ ನೋಟುಗಳೂ ಹೀಗೆಯೇ...

ಮೆಟ್ಟಿಲ ಮೇಲೆ ಕೂತರೆ ಅವರಿಗೆ ಮೊದಲು ನನ್ನ ಮಗಳ ಸುದ್ದಿ ಬೇಕು, ಆಮೇಲೆ ವ್ಯಾಪಾರ. ನಾನು ಎಷ್ಟೇ ಚೌಕಾಸಿ ಮಾಡಲಿ, "ಇದು ಮಗುವಿಗೆ" ಎಂದು ಎರಡು ಬೂತಾಯಿ ಮೀನು ಹೆಚ್ಚಿಗೆ ಹಾಕದೆ ಎದ್ದವರಲ್ಲ.

ಚಿಲ್ಲರೆಯ ರಗಳೆ ಸಾಕಾಗಿ ಅವರಿಗೆ ಸ್ಕ್ಯಾನ್ ಮಾಡುವ ಚೀಟಿ ಮಾಡಿಸಿಕೊಟ್ಟವಳು ನಾನೇ. ಅವರದ್ದು ಬಟನ್ ಫೋನು, ಹಾಗಾಗಿ ಮಗನ ನಂಬರಿಗೆ ಜೋಡಿಸಿದೆವು. ದೊಡ್ಡ ಉಪಕಾರ ಮಾಡಿದವಳಂತೆ ಬೀಗಿದೆ. ಬೀದಿಯ ಹೆಚ್ಚಿನವರು ನೋಟು ಕೊಡುವುದನ್ನೇ ಬಿಟ್ಟರು.

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದಿದ್ದವು. ಒಂದು ಮಧ್ಯಾಹ್ನ ಮೀನು ಕೊಟ್ಟ ಮೇಲೂ ಅವರು ಏಳಲಿಲ್ಲ.

"ಅಕ್ಕಾ, ಇವತ್ತು ನೋಟು ಉಂಟಾ?"

"ಎಂತ ಆಯ್ತು?"

"ಮಗ ಬೋಟಿಗೆ ಹೋಗಿ ಎಂಟು ದಿನ. ಮೊಬೈಲು ಅವನ ಹತ್ರ. ಹಣ ಎಲ್ಲ ಕಡಲಿನಲ್ಲಿ ಉಂಟು, ಅಲ್ವಾ?" ಎಂದು ನಕ್ಕರು.

ಸೊಸೆ ಬಾಣಂತಿ. ಸಂಜೆ ಆ ಮನೆಗೆ ಅಕ್ಕಿ, ಹಾಲು, ಮೊಟ್ಟೆ ಹೋಗುತ್ತಿದ್ದದ್ದು ಮೀನು ಮಾರಿದ ನೋಟಿನಿಂದ. ಈಗ ಕೈಗೆ ಬಂದ ನಾಲ್ಕು ಕಾಸು ಮರುದಿನದ ಮೀನು ಕೊಳ್ಳುವುದಕ್ಕೇ ಬೇಕು. ನಾಲ್ಕು ದಿನಗಳಿಂದ ಸೊಸೆಗೆ ತಿಳಿಗಂಜಿ, ಮಾರದೆ ಉಳಿದ ಮೀನು, ಅಷ್ಟೇ. ಎದೆಹಾಲು ಸಾಲದೆ ಮಗು ಅಳುತ್ತಿದೆಯಂತೆ. ಆ ನಾಲ್ಕೂ ದಿನ ನನ್ನ ಮಗಳಿಗೆ ಎರಡೆರಡು ಬೂತಾಯಿ ತಪ್ಪದೆ ಬಂದಿತ್ತು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

ಮನೆಯಿಡೀ ತಡಕಿದರೂ ಒಂದು ನೋಟಿಲ್ಲ. ಕುಚ್ಚಲಕ್ಕಿ, ಹಾಲು, ಮೊಟ್ಟೆ ಕಟ್ಟಿಕೊಟ್ಟೆ. "ಇವತ್ತಿನ ಮೀನಿಗೆ ಇದು ಜಾಸ್ತಿ ಆಯ್ತು" ಎಂದು ಉಳಿದ ಬಂಗುಡೆಯನ್ನೂ ನನ್ನ ಪಾತ್ರೆಗೆ ಸುರಿದೇ ಹೋದರು. ಮಗ ದಡಕ್ಕೆ ಬರುವವರೆಗೂ ಹಾಗೇ ನಡೆಯಿತು. ಒಂದು ದಿನ ಬುಟ್ಟಿ ಇಳಿಸುವ ಮೊದಲೇ, "ಮಗು ನಿನ್ನೆ ಒಳ್ಳೆ ನಿದ್ದೆ ಮಾಡಿತು ಅಕ್ಕಾ" ಎಂದರು.

ಅಂದಿನಿಂದ ಬಾಗಿಲ ಪಕ್ಕದ ಡಬ್ಬಿಯಲ್ಲಿ ಅವರಿಗಾಗಿ ನೋಟು ಇಡುತ್ತಿದ್ದೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಬಸ್ಸಿನ ಆ ನೋಟನ್ನೂ ಅದೇ ಡಬ್ಬಿಗೆ ಹಾಕಿದ್ದೇನೆ.

ಈಗ ಸ್ಕೂಟರಿನಲ್ಲಿ ಮೀನು ತರುವವನಿಗೆ ಸ್ಕ್ಯಾನ್ ಮಾಡುವ ಮೊದಲು ದಿನವೂ ಕೇಳುತ್ತೇನೆ: "ಈ ಹಣ ಸಂಜೆ ನಿನ್ನ ಕೈಗೆ ಸಿಗ್ತದಾ ಮಾರಾಯ?"

"ಸಿಗ್ತದೆ ಅಕ್ಕಾ, ಎಷ್ಟು ಸಲ ಕೇಳ್ತೀರಿ?" ಎಂದು ನಗುತ್ತಾನೆ.

ಮೀನಿನಮ್ಮನನ್ನು ಒಂದು ಸಲ ಕೇಳಿದ್ದರೆ ಸಾಕಿತ್ತು...