ಕಾಡಿಗೆ ಮೀಸೆಯ ಅಂಗಡಿಕಾರ

ಗೆಳೆಯರೇ, ಇವತ್ತು ಮೌದಾ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ, ನಾನು ಇಂಟರ್ನ್ ಆಗಿರುವ ಕೃಷಿ ಸಂಸ್ಥೆಯ ಬೀದಿನಾಟಕವಿತ್ತು. ಆಡಿದವರು ಊರಿನ ಹುಡುಗಿಯರು. ಅಂಗಡಿಯವನ ಮಾತು ನಂಬಿ ಹತ್ತಿಗೆ ಕಂಡಕಂಡ ಔಷಧಿ ಹೊಡೆಯಬೇಡಿ ಎಂಬುದು ಕಥೆ.

ಕಾಡಿಗೆಯ ಮೀಸೆ ಬರೆದುಕೊಂಡು ಅಂಗಡಿಯವನಾಗಿದ್ದ ಪೂಜಾ ತನ್ನ ಬಾಟಲಿಯನ್ನು ಎಷ್ಟು ಸೊಗಸಾಗಿ ಹೊಗಳಿದಳೆಂದರೆ, ಮುಂದೆ ಕೂತಿದ್ದ ರೈತ ಕಾಕಾ ಎದ್ದೇಬಿಟ್ಟರು.

"ಬೇಟಾ, ನನಗೂ ಒಂದ್ ಕೊಡು, ಜಲ್ದಿ!"

ಹಿಂದೆಯೇ ಇನ್ನಷ್ಟು ಕೈಗಳು ಚಾಚಿದವು. ನಾಟಕ ಬರೆದ ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಪೂಜಾ ಮಾತ್ರ ಬಾಟಲಿ ಬಗ್ಗಿಸಿ, ಅದರಲ್ಲಿದ್ದ ನೀರಲ್ಲೇ ಮೀಸೆ ತೊಳೆದುಕೊಂಡಳು.

"ಕಾಕಾ, ಇದು ನಿಮ್ಮ ಬಾವಿ ನೀರು. ಒಳಗ ಏನೈತಿ ಅಂತ ಒಬ್ರೂ ಕೇಳ್ಲಿಲ್ಲಲ್ರಿ!"

ಎಲ್ಲರೂ ನಕ್ಕರು, ಚಾಚಿದ ಕೈಗಳು ಮೆಲ್ಲಗೆ ಕೆಳಗಿಳಿದವು. ಈ ಮಾತನ್ನು ನಾನು ಬರೆದುಕೊಟ್ಟಿರಲಿಲ್ಲ.

ಕೈ ಚಾಚಿದವರಲ್ಲಿ ನಮ್ಮ ಸಂಸ್ಥೆಯ ಸಾಹೇಬರೂ ಇದ್ದರು. ಅದನ್ನು ವರದಿಯಲ್ಲಿ ಬರೆಯುವುದಿಲ್ಲ.