ಎಂಟು ಗಂಟೆಯ ಸಪ್ಪಳ

ಹಲ್ಲಿ ಲೊಚಗುಟ್ಟಿದರೆ ನೆಲ ಬಡಿಯುವ ನನ್ನ ತಂಗಿಯನ್ನು ನೋಡಿ ನಕ್ಕವನು ನಾನು. ಮೂವತ್ತು ವರ್ಷ ಸರಪಳಿ ಹಿಡಿದು ಹೊಲ ಅಳೆದವನಿಗೆ, ಅಳತೆಗೆ ಸಿಗದ್ದನ್ನು ನಂಬುವ ರೂಢಿಯಿರಲಿಲ್ಲ. ಆದ್ದರಿಂದ ಇದನ್ನೂ ಅಳೆದ ಹಾಗೆಯೇ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಎಡ ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ಯಂತ್ರವೊಂದಿದೆ. ಹೃದಯ ಲಯ ತಪ್ಪಿದರೆ ಅದು ವಿದ್ಯುತ್ತಿನ ಹೊಡೆತ ಕೊಟ್ಟು ಸರಿ ಮಾಡುತ್ತದೆ. ಬ್ಯಾಟರಿ ಮುಗಿಯುತ್ತ ಬಂದಾಗ ತಾನೇ ಎಚ್ಚರಿಸುತ್ತದೆ. ಆಗ ಯಂತ್ರವನ್ನೇ ಬದಲಿಸಬೇಕು, ಖರ್ಚು ಲಕ್ಷಗಳಲ್ಲಿ. ನನಗೆ ಅದನ್ನು ಹಾಕಿದ ವಾರವೇ ಆಸ್ಪತ್ರೆಯ ಪಕ್ಕದ ಹಾಸಿಗೆಯಲ್ಲಿ ಯಂತ್ರ ಹಾಕಿಸಿಕೊಂಡ ಧಾರವಾಡದ ಬಸಣ್ಣ ನನ್ನ ಗೆಳೆಯನಾದ. ಇಬ್ಬರೂ ಸೇರಿ ತಿಂಗಳಿಗಿಷ್ಟು ಎಂದು ಕೂಡಿಡುವ ಒಂದು ಭಿಶಿ ಶುರು ಮಾಡಿದೆವು. ಯಾರ ಬ್ಯಾಟರಿ ಮೊದಲು ಮುಗಿಯುತ್ತದೋ ಗಂಟು ಅವರಿಗೆ.

"ನೀ ಲಗೂ ಖಾಲಿ ಮಾಡಬ್ಯಾಡೋ ಮಾರಾಯಾ, ನನ್ನ ಪಾಳಿ ಮೊದಲ ಐತಿ," ಎಂದು ಬಸಣ್ಣ ಚಾಷ್ಟಿ ಮಾಡುತ್ತಿದ್ದ.

ಕಳೆದ ಕಾರ್ತಿಕದ ಒಂದು ಮುಂಜಾನೆ ಧಾರವಾಡದಿಂದ ಇಪ್ಪತ್ತು ಕಿಲೋಮೀಟರ್ ದೂರದ ಕೇಶ್ವಾಪುರದ ನಮ್ಮ ಮನೆಯಲ್ಲಿ ಲಿಂಗಪೂಜೆಗೆ ಕುಳಿತಿದ್ದೆ. ಲಿಂಗ ಅಂಗೈಯಲ್ಲಿತ್ತು. ಸರಿಯಾಗಿ ಎಂಟಕ್ಕೆ ಎದೆಯ ಹತ್ತಿರ ಸಪ್ಪಳ ಕೇಳಿತು. ಒಂದು ಏರುದನಿ, ಒಂದು ಇಳಿದನಿ, ಹೀಗೆ ಐದಾರು ಸಲ. ಮರುದಿನವೂ ಎಂಟಕ್ಕೇ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಆ ಮೊಬೈಲ್ ಬಂದ್ ಮಾಡ್ರಿ! ಪೂಜಾದಾಗೂ ಬೇಕೇನ್ರಿ ಅದು?"

ಮೊಬೈಲು ಹೊರಗಿನ ಕೋಣೆಯಲ್ಲಿ ಆಫಾಗಿ ಬಿದ್ದಿತ್ತು.

ನನ್ನ ಬ್ಯಾಟರಿಯೇ ಮುಗಿಯುತ್ತ ಬಂತು ಎಂದುಕೊಂಡೆ. ಗಂಟಿನಲ್ಲಿದ್ದದ್ದು ಒಬ್ಬರಿಗೆ ಸಾಲುವಷ್ಟೇ. ನಾನು ತೆಗೆದುಕೊಂಡರೆ ಬಸಣ್ಣನ ಗತಿ?

ಮೂರನೆಯ ದಿನವೂ ಕೇಳಿದ ಮೇಲೆ ಆಸ್ಪತ್ರೆಗೆ ಹೋದೆ. ತಪಾಸಣೆಯ ಹೆಣ್ಣುಮಗಳು ಎದೆಯ ಮೇಲೆ ಉಪಕರಣವಿಟ್ಟು ಪರದೆ ನೋಡಿದಳು. "ಕಾಕಾರ, ನಿಮ್ಮ ಬ್ಯಾಟರಿ ಇನ್ನೂ ಛಲೋ ಐತ್ರಿ. ಮತ್ತ ನಿಮ್ಮದು ಸಪ್ಪಳಾನ ಮಾಡೂದಿಲ್ಲ. ಎಚ್ಚರಿಸೂದಿದ್ರ ಬರೇ ನಡುಗತೈತಿ."

ನಾನು ಕೇಳಿದ ಸಪ್ಪಳವನ್ನು ಬಾಯಿಂದ ಮಾಡಿ ತೋರಿಸಿದೆ. ಆಕೆ ನಗಲಿಲ್ಲ. "ಅದು ಬ್ಯಾರೆ ಕಂಪನಿದು ರೀ. ಬ್ಯಾಟರಿ ಮುಗಿಯಾಕ ಬಂದಾಗ ದಿನಾ ಒಂದ ಹೊತ್ತಿಗೆ ಹಂಗ ಒದರತೈತಿ."

ಬಸಣ್ಣನ ಯಂತ್ರ ಆ ಕಂಪನಿಯದೇ. ಫೋನ್ ಮಾಡಿದರೆ ಅವನು ನಕ್ಕ. "ನನಗೇನೂ ಕೇಳಿಲ್ಲೋ. ಗಂಟು ನನಗ ಕೊಟ್ಟು ಪುಣ್ಯಾ ಕಟಗೋಬೇಕಂತ ಮಾಡಿಯೇನು?"

ಮರುದಿನ ಬೆಳಗ್ಗೆ ಧಾರವಾಡದ ಬಸ್ಸು ಹತ್ತಿದೆ. ರಾಯಾಪುರ ದಾಟುವಷ್ಟರಲ್ಲಿ ನಾಲ್ಕು ಸಲ ಗಡಿಯಾರ ನೋಡಿಕೊಂಡೆ. ಎಂಟಕ್ಕೆ ಐದು ನಿಮಿಷವಿರುವಾಗ ಬಸಣ್ಣ ಬಾಗಿಲು ತೆರೆದ. ಅವನ ಜೊತೆಗಿರುವ ಮಗಳು ಪಾಠ ಹೇಳಲು ಎಂದಿನಂತೆ ಆಗಲೇ ಕಾಲೇಜಿಗೆ ಹೋಗಿದ್ದಳು; ಆ ಹೊತ್ತಿಗೆ ಮನೆಯಲ್ಲಿ ಅವನೊಬ್ಬನೇ. ಅವನಿಗೆ ಕಿವಿ ಮಂದ; ಕಿವಿಯ ಯಂತ್ರ ಡಬ್ಬಿಯಲ್ಲಿತ್ತು. ಸೆಲ್ಲು ಉಳಿಯಲೆಂದು, ನಾಷ್ಟಾ ಮುಗಿಯುವವರೆಗೆ ಅದನ್ನು ಹಾಕಿಕೊಳ್ಳುವುದಿಲ್ಲವಂತೆ.

ಎಂಟಾಯಿತು. ಅವನ ಅಂಗಿಯೊಳಗಿನಿಂದ ಅದೇ ಏರುದನಿ, ಅದೇ ಇಳಿದನಿ.

"ಯಾಕೋ ಹಂಗ ನೋಡಾಕತ್ತಿ? ಚಹಾ ಕುಡಿ," ಎಂದ ಬಸಣ್ಣ.

ಗಂಟು ಅವನಿಗೆ ಹೋಯಿತು, ಯಂತ್ರ ಬದಲಾಯಿತು. ಹಳೆಯ ಯಂತ್ರದ ದಾಖಲೆಯಲ್ಲಿ ಅದು ಮೊದಲು ಸಪ್ಪಳ ಮಾಡಿದ ದಿನವಿತ್ತು. ನಾನು ಮೊದಲು ಕೇಳಿದ್ದೂ ಅದೇ ದಿನ. ಧಾರವಾಡದ ಸಪ್ಪಳ ಕೇಶ್ವಾಪುರಕ್ಕೆ ಹೇಗೆ ಬಂತು, ನನ್ನ ಹೆಂಡತಿಗೂ ಹೇಗೆ ಕೇಳಿತು, ಇಂದಿಗೂ ನನಗೆ ತಿಳಿದಿಲ್ಲ.

ಭಿಶಿ ಮತ್ತೆ ಮೊದಲಿನಿಂದ ಶುರುವಾಗಿದೆ. ನನ್ನ ಯಂತ್ರದ ಸಪ್ಪಳ ತನಗೆ ಕೇಳೀತೆಂದು ಬಸಣ್ಣ ಈಗ ಎದ್ದ ಕೂಡಲೇ ಕಿವಿಯ ಯಂತ್ರ ಹಾಕಿಕೊಂಡು ಕೂರುತ್ತಾನೆ. ಎಂಟು ದಾಟಿದ ಮೇಲೆ ತಪ್ಪದೆ ಫೋನ್ ಮಾಡುತ್ತಾನೆ: "ಇವತ್ತೂ ಏನೂ ಕೇಳಲಿಲ್ಲೋ. ನೀ ಆರಾಮ ಇದ್ದಿ."

ನನ್ನದು ಸಪ್ಪಳ ಮಾಡುವುದಿಲ್ಲ ಎಂದು ಅವನಿಗೆ ನಾನಿನ್ನೂ ಹೇಳಿಲ್ಲ.