ಕೋತಿ ಒಯ್ಯದ ಕೌದಿ

ಅತ್ತೆ, ನಿಮ್ಮ ಕೌದಿಯನ್ನು ಕೋತಿ ಒಯ್ಯಲಿಲ್ಲ. ಅದನ್ನು ಹಾಳು ಮಾಡಿದವಳು ನಾನು — ಬಟ್ಟೆ ಒಣಗಿಸುವ ಮಷಿನ್ನಿಗೆ ಹಾಕಿ.

ನನ್ನ ಮಗಳು ಹೆತ್ತ ಆ ಶ್ರಾವಣ ನೆನಪಿದೆಯಲ್ಲ. ಹನುಮನಹಳ್ಳಿಯ ನಮ್ಮ ಮನೆಯ ಬಾಡಿಗೆ ಕೋಣೆಗಳಲ್ಲಿ ಬೆಟ್ಟಕ್ಕೆ ಬಂದ ಯಾತ್ರಿಕರು ತುಂಬಿದ್ದರು. ಜಡಿಮಳೆಗೆ ನಾವು ಬಿಸಿಲಿನ ಮುಖವನ್ನೇ ಕಂಡಿರಲಿಲ್ಲ. ಯಾತ್ರಿಕರ ಚಾದರ ಒಣಗಿಸಲೆಂದೇ ಮಷಿನ್ ತಂದಿದ್ದೆವು. ಮರುದಿನ ಮಗಳು ಗಂಗಾವತಿಯ ಆಸ್ಪತ್ರೆಯಿಂದ ಕೂಸಿನೊಂದಿಗೆ ಬರುವವಳಿದ್ದಳು. ಮರಿಮಗಳ ತೊಟ್ಟಿಲಿಗೆ ಹಾಸಲೆಂದು ನೀವು ಪೆಟ್ಟಿಗೆಯಿಂದ ಕೌದಿ ತೆಗೆದು, ಒಗೆಯಲು ಕೊಟ್ಟಿರಿ. ನಡುವೆ ನಿಮ್ಮ ತಾಯಿಯ ಇಳಕಲ್ ಸೀರೆಯ ರೇಷ್ಮೆ ಸೆರಗು. ಕೌದಿಗೂ ಹಸಿವಾಗಬಾರದೆಂದು ಅದರ ಹೊಟ್ಟೆಯಲ್ಲಿ ಹಿಡಿ ಜೋಳ ಇಟ್ಟು ನೀವೇ ಹೊಲಿದದ್ದು.

ರೇಷ್ಮೆಯನ್ನು ಮಷಿನ್ನಿಗೆ ಹಾಕಬಾರದು, ನಾಜೂಕಿನ ಬಟ್ಟೆಯನ್ನು ಜಾಳಿಗೆ ಚೀಲದಲ್ಲಿಟ್ಟು ಕಾವು ತಗ್ಗಿಸಬೇಕು, ತುಸು ತೇವ ಇರುವಾಗಲೇ ತೆಗೆದು ನೆರಳಿನಲ್ಲಿ ಹರವಬೇಕು — ಕೆಲಸಕ್ಕೆ ಬಂದವರಿಗೆಲ್ಲ ಈ ಪಾಠ ಹೇಳುವವಳು ನಾನೇ. ಆದರೂ ದಪ್ಪ ಚಾದರಗಳ ಜೊತೆ ಒಗೆದ ಕೌದಿಯನ್ನೂ ತುರುಕಿ, ಪೂರ್ತಿ ಕಾವಿಗೆ ಬಿಟ್ಟೆ. ನಾಳೆಯೊಳಗೆ ಒಣಗಬೇಕಿತ್ತು, ಅಷ್ಟೇ ತಲೆಯಲ್ಲಿ...

ಒಳಗೆ ಕಟಕಟ ಸದ್ದು. ಯಾವುದೋ ಅಂಗಿಯ ಗುಂಡಿ ಇರಬೇಕೆಂದುಕೊಂಡೆ. ಬಾಗಿಲು ತೆರೆದರೆ ಜೋಳದ ಕಾಳು. ಹೊಲಿಗೆ ಬಿಚ್ಚಿಹೋಗಿತ್ತು. ಸೆರಗು ಸುಟ್ಟ ಹಪ್ಪಳದಂತೆ ಮುದುಡಿತ್ತು.

ಆಗಲೇ ನೀವು ಹಿತ್ತಲಿನಿಂದ ಕೇಳಿದಿರಿ, "ಕೌದಿ ಒಣಗೇತೇನವಾ?"

"ಮುಂದಿನ ಪಡಸಾಲ್ಯಾಗ ಹರವಿದ್ದೆ, ಮಂಗ್ಯಾ ಎಳಕೊಂಡು ಹೋತ್ರಿ, ಅತ್ತಿ," ಅಂದುಬಿಟ್ಟೆ.

ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಕೋತಿಯ ಬಾಯಿಗೇ ಒರೆಸಿದೆ. ಕೋತಿಗಳೇ ತುಂಬಿದ ನಮ್ಮೂರಲ್ಲಿ ಈ ಮಾತನ್ನು ಯಾರು ತಾನೇ ನಂಬುವುದಿಲ್ಲ?

ನೀವು ಬೈದಿದ್ದರೆ ನಿಜ ಬಾಯಿಗೆ ಬರುತ್ತಿತ್ತೋ ಏನೋ. ಬೈಯಲಿಲ್ಲ. "ಹೋಗ್ಲಿ ಬಿಡವಾ, ಅವಕ್ಕೂ ಥಂಡಿ ಆಗಿರಬೇಕು," ಎಂದು ನನ್ನ ಬೆನ್ನು ಸವರಿದಿರಿ. ಆ ಕೈ ಇನ್ನೂ ಬೆನ್ನ ಮೇಲೇ ಇದೆ, ಅತ್ತೆ.

ಕೂಸು ಈಗ ಶಾಲೆಗೆ ಹೋಗುತ್ತಿದೆ. ನೀವು ಇಂದಿಗೂ ಬೆಳಿಗ್ಗೆ ಹಿತ್ತಲ ಗೋಡೆಯ ಮೇಲೆ ಶೇಂಗಾ ಇಟ್ಟು ಕೋತಿಗಳೊಡನೆ ಮಾತಾಡುತ್ತೀರಿ. "ಕೌದಿ ನೀವ ಹೊಚ್ಚಿಕೋರೆಪ್ಪಾ. ನಮ್ಮವ್ವನ ಸೆರಗಷ್ಟ ತಂದು ಕೊಡ್ರಿ." ಅಡುಗೆಮನೆಯಲ್ಲಿ ನಿಂತು ಕೇಳುತ್ತೇನೆ — ದಿನವೂ.

ಮುದುಡಿದ ಆ ಕೌದಿ ನನ್ನ ಕಪಾಟಿನಲ್ಲೇ ಇದೆ. ಚೆಲ್ಲಿದ ಜೋಳವೂ ಗಂಟು ಕಟ್ಟಿ ಇದೆ. ಸೆರಗನ್ನು ಬಿಡಿಸಿ, ಸದ್ದಿಲ್ಲದೆ ಗೋಡೆಯ ಮೇಲಿಟ್ಟು ಬಂದರೆ ಕೋತಿ ತಂದಿತೆಂದು ನೀವು ಎಷ್ಟು ಹಿಗ್ಗುತ್ತೀರೋ... ನಿನ್ನೆ ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲವರೆಗೂ ಹೋಗಿದ್ದೆ. ತಿರುಗಿ ಬಂದೆ.

ಇವತ್ತು ನೀವು ಶೇಂಗಾ ಇಡಲು ಏಳುವ ಮೊದಲೇ ಬರುತ್ತೇನೆ. ಗೋಡೆಯ ಮೇಲಲ್ಲ, ಅತ್ತೆ. ನಿಮ್ಮ ಮಡಿಲಲ್ಲೇ ಇಡುತ್ತೇನೆ.